ಮಕ್ಕಳಿಗೆ ಟಿಬಿ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲೂಕು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಟಿಬಿ ಮಾತ್ರೆಗೆ ಬರುವ ಮಕ್ಕಳ ಅಮ್ಮಂದಿರು, ಅಜ್ಜಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಲ್ಲರ ಎದುರು ಕೇಳುವುದಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ, "ಸಿಸ್ಟರ್, ಒಂದು ಮಾತು" ಅಂತಾರೆ. ಹೊರಗೆ ಸಾಲು ಉದ್ದ ಇದ್ದಾಗ ಅರ್ಧ ಉತ್ತರ ಕೊಟ್ಟು ಕಳಿಸಿದ್ದೂ ಇದೆ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆದಿದ್ದೇನೆ. ನಿಮ್ಮ ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರ ಮಾತೇ ಕೊನೆಯದು. ಅವರನ್ನು ಏನು ಕೇಳಬೇಕು ಅನ್ನೋದು ಇದರಿಂದ ತಿಳಿದರೆ ಸಾಕು.

ಇಷ್ಟು ಚಿಕ್ಕ ಮಗುವಿಗೂ ಟಿಬಿ ಬರುತ್ತಾ?

ಬರುತ್ತದೆ. ಎರಡು ತಿಂಗಳ ಕೂಸಿಗೂ ಬರಬಹುದು. ಪ್ರಪಂಚದಲ್ಲಿ ಪ್ರತಿವರ್ಷ ಟಿಬಿ ಬರುವ ಪ್ರತಿ ನೂರು ಜನರಲ್ಲಿ ಹನ್ನೊಂದು ಹನ್ನೆರಡು ಮಂದಿ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದ ದಾಖಲೆಯಲ್ಲಿ ಮಕ್ಕಳ ಪಾಲು ಅದರ ಅರ್ಧದಷ್ಟು ಮಾತ್ರ ಕಾಣುತ್ತದೆ. ನಮ್ಮ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ ಅಂತಲ್ಲ. ಎಷ್ಟೋ ಮಕ್ಕಳ ಟಿಬಿ ಪತ್ತೆಯೇ ಆಗುತ್ತಿಲ್ಲ.

ಚಿಕ್ಕ ಮಕ್ಕಳಲ್ಲಿ ಇದು ಬೇಗ ಉಲ್ಬಣವಾಗುತ್ತದೆ. ದೊಡ್ಡವರ ಮೈಗೆ ಟಿಬಿ ಕ್ರಿಮಿ ಹೊಕ್ಕರೂ ಅದು ವರ್ಷಗಟ್ಟಲೆ ಸುಮ್ನೆ ಮಲಗಿರಬಹುದು, ಬಹಳ ಜನರಿಗೆ ಕಾಯಿಲೆ ಬರುವುದೇ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಕ್ರಿಮಿ ತಗುಲಿ ಯಾವ ಮಾತ್ರೆಯನ್ನೂ ಕೊಡದಿದ್ದರೆ, ಹತ್ತಿರ ಹತ್ತಿರ ಅರ್ಧದಷ್ಟು ಕೂಸುಗಳಿಗೆ ಕಾಯಿಲೆ ಬರುತ್ತದೆ. ಅದೂ ಬಹುತೇಕ ಒಂದು ವರ್ಷದೊಳಗೇ. ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಅಪಾಯ ತುಂಬಾ ಕಡಿಮೆ. ಹದಿವಯಸ್ಸು ಬಂದಾಗ ಮತ್ತೆ ಏರುತ್ತದೆ.

ನಮ್ಮ ಮನೆಯಲ್ಲಿ ಯಾರಿಗೂ ಟಿಬಿ ಇಲ್ಲ. ಮಗುವಿಗೆ ಎಲ್ಲಿಂದ ಬಂತು?

ಈ ಪುಟದಲ್ಲಿ ಒಂದೇ ಒಂದು ಪ್ರಶ್ನೆ ಓದುವಷ್ಟು ಹೊತ್ತು ನಿಮಗಿದ್ದರೆ ಇದನ್ನು ಓದಿ.

ಟಿಬಿ ಗಾಳಿಯಲ್ಲಿ ಬರುತ್ತದೆ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ ಹೊರಬಿದ್ದ ಕಣಗಳನ್ನು ಮಗು ಉಸಿರಿನ ಜೊತೆ ಎಳೆದುಕೊಳ್ಳುತ್ತದೆ. ಮಕ್ಕಳಿಂದ ಮಕ್ಕಳಿಗೆ ಹರಡುವುದು ಅಪರೂಪ. ಹಾಗಾಗಿ ಮಗುವಿಗೆ ಟಿಬಿ ಇದೆ ಅಂದರೆ, ಅದರ ಹತ್ತಿರದಲ್ಲಿ ಯಾರೋ ದೊಡ್ಡವರು ಕೆಮ್ಮುತ್ತಿದ್ದಾರೆ ಅಂತ ಅರ್ಥ. ಅವರಿಗೆ ಟಿಬಿ ಇರುವುದು ಅವರಿಗೇ ಗೊತ್ತಿಲ್ಲದಿರಬಹುದು. ಪಾಪ, ಅವರದ್ದೇನೂ ತಪ್ಪಲ್ಲ.

ಒಂದು ಘಟನೆ ಹೇಳುತ್ತೇನೆ, ಇದು ನನ್ನನ್ನು ಇನ್ನೂ ಬಿಟ್ಟಿಲ್ಲ. ಒಂದೂವರೆ ವರ್ಷದ ಹುಡುಗಿ. ಕೆಮ್ಮು ಅಂತ ಮೂರು ಸಲ ಬಂದಿದ್ದಳು. ಮೂರು ಸಲವೂ ನಾವು ಕೆಮ್ಮಿನ ಸಿರಪ್ ಕೊಟ್ಟು ಕಳಿಸಿದೆವು. ನಾಲ್ಕನೇ ಸಲ ಅವಳ ಅಜ್ಜಿ ತಾಯಿ ಕಾರ್ಡ್ ತಂದಿದ್ದರು. ಬಿಡಿಸಿ ನೋಡಿದರೆ ತೂಕ ನಾಲ್ಕು ತಿಂಗಳಿಂದ 8.2 ಕೆಜಿಯಲ್ಲೇ ನಿಂತಿತ್ತು. ಚುಕ್ಕಿಗಳನ್ನು ಸೇರಿಸಿದರೆ ಗೆರೆ ಮೇಲಕ್ಕೆ ಹತ್ತಿರಲೇ ಇಲ್ಲ, ಹಲಗೆ ಹಾಗೆ ಮಲಗಿತ್ತು. "ಮನೆಯಲ್ಲಿ ಯಾರಾದರೂ ಕೆಮ್ಮುತ್ತಾರಾ ಅಜ್ಜಿ?" ಅಂತ ಕೇಳಿದೆ. "ಯಾರೂ ಇಲ್ಲಮ್ಮ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವಳ ತಾತ ಕೆಮ್ಮುತ್ತಾರೆ, ಅದು ಬೀಡಿ ಕೆಮ್ಮು" ಅಂದರು. ಮಗು ದಿನಾ ಮಲಗುತ್ತಿದ್ದದ್ದು ತಾತನ ಪಕ್ಕದಲ್ಲೇ. ತಾತನ ಕಫ ಪರೀಕ್ಷೆ ಮಾಡಿದಾಗ ಟಿಬಿ ಅಂತ ಬಂತು.

ಮೊದಲ ದಿನವೇ ಆ ಪ್ರಶ್ನೆ ಕೇಳಿದ್ದರೆ ಮಗುವಿಗೆ ಎರಡು ತಿಂಗಳು ಉಳಿಯುತ್ತಿತ್ತು. ಆ ತಪ್ಪು ನಮ್ಮದು. ಇದು ಹೊಸದೂ ಅಲ್ಲ. 1960ರ ದಶಕದ ಆರಂಭದಲ್ಲೇ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ್ದರು. ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ.

ಹಾಗಾಗಿ ನಾವು ಕೇಳದಿದ್ದರೂ ನೀವೇ ಹೇಳಿ. ಕಳೆದ ಎರಡು ವರ್ಷದಲ್ಲಿ ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ, ಎರಡು ವಾರಕ್ಕಿಂತ ಜಾಸ್ತಿ ಯಾರಾದರೂ ಕೆಮ್ಮುತ್ತಿದ್ದಾರಾ. ಮನೆ ಅಂದರೆ ರೇಷನ್ ಕಾರ್ಡಿನಲ್ಲಿ ಹೆಸರಿರುವವರು ಮಾತ್ರ ಅಲ್ಲ. ಬಾಣಂತನಕ್ಕೆ ಬಂದ ಅತ್ತೆ, ಮಗು ನೋಡಿಕೊಳ್ಳುವ ಪಕ್ಕದ ಮನೆಯವರು, ವಾರಕ್ಕೊಮ್ಮೆ ಬಂದು ಎತ್ತಿ ಆಡಿಸುವ ಮಾವ, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಕೆಮ್ಮು, ಜ್ವರ ಎಲ್ಲಾ ಮಕ್ಕಳಿಗೂ ಬರುತ್ತೆ. ಟಿಬಿ ಅಂತ ಯಾವಾಗ ಅನುಮಾನಪಡಬೇಕು?

ಎರಡು ವಾರ. ಇದೊಂದು ಲೆಕ್ಕ ನೆನಪಿಟ್ಟುಕೊಳ್ಳಿ. ಎರಡು ವಾರ ದಾಟಿದ ಕೆಮ್ಮು, ಎರಡು ವಾರ ದಾಟಿದ ಜ್ವರ. ನೆಗಡಿ ಕೆಮ್ಮು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಟಿಬಿ ಕೆಮ್ಮು ಹೋಗುವುದೇ ಇಲ್ಲ. ಜ್ವರ ಸಾಮಾನ್ಯವಾಗಿ ಸುಡುವ ಹಾಗಿರುವುದಿಲ್ಲ. ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ.

ಇದಕ್ಕಿಂತ ದೊಡ್ಡ ಗುರುತು ತೂಕ. ಬೆಳೆಯುವ ಮಗುವಿನ ತೂಕ ಏರದೆ ನಿಂತಿದೆ ಅಂದರೇ ಅದು ಇಳಿದ ಹಾಗೆ. ಮೂರು ತಿಂಗಳಲ್ಲಿ ಇದ್ದ ತೂಕದ ನೂರಕ್ಕೆ ಐದು ಪಾಲು ಕಳೆದುಕೊಂಡರೆ, ಅಂದರೆ 12 ಕೆಜಿಯ ಮಗು 600 ಗ್ರಾಂ ಇಳಿದರೆ, ಕಾರಣ ಹುಡುಕಲೇಬೇಕು. ಆಟಕ್ಕೆ ಕರೆದರೆ ಬಾರದೆ ಮೂಲೆಯಲ್ಲಿ ಕೂರುವ ಮಗುವನ್ನೂ ಗಮನಿಸಿ. ದೃಷ್ಟಿ ತಾಗಿದೆ ಅಂತ ಮೆಣಸಿನಕಾಯಿ ನಿವಾಳಿಸುವ ಮನೆಗಳಿವೆ. ನಿವಾಳಿಸಿ, ಬೇಡ ಅನ್ನಲ್ಲ. ಮರುದಿನ ಬೆಳಗ್ಗೆ ಅಂಗನವಾಡಿಗೆ ಹೋಗಿ ತೂಕ ಹಾಕಿಸಿ.

ಒಂದು ಎಚ್ಚರಿಕೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ಕುಡಿಸಬೇಡಿ. ಲಿವೋಫ್ಲಾಕ್ಸಸಿನ್ ಥರದ ಕೆಲವು ಔಷಧಿಗಳು ಟಿಬಿಯನ್ನು ಸ್ವಲ್ಪ ದಿನ ಅಡಗಿಸಿಬಿಡುತ್ತವೆ. ಮಗು ಗುಣವಾದ ಹಾಗೆ ಕಾಣುತ್ತದೆ, ಆಮೇಲೆ ಪತ್ತೆ ಹಚ್ಚುವುದು ಇನ್ನೂ ಕಷ್ಟ.

ನನ್ನ ಮಗುವಿಗೆ ಕಫ ಉಗುಳೋಕೇ ಬರಲ್ಲ. ಪರೀಕ್ಷೆ ಹೇಗೆ ಮಾಡ್ತೀರಿ?

ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ರಾತ್ರಿಯಿಡೀ ನುಂಗಿದ ಕಫ ಬೆಳಗ್ಗೆ ಹೊಟ್ಟೆಯಲ್ಲಿರುತ್ತದೆ. ನಾವು ಅದನ್ನೇ ತೆಗೆಯುತ್ತೇವೆ.

ನಾವು ಮಾಡುವ ರೀತಿ ಇದು. ಹಿಂದಿನ ರಾತ್ರಿಯೇ ಮಗುವನ್ನು ಸೇರಿಸಿಕೊಳ್ಳುತ್ತೇವೆ. ಬೆಳಗ್ಗೆ ಮಗು ಏಳುವ ಹೊತ್ತಿಗೆ ನಾನು ಹಾಸಿಗೆ ಹತ್ತಿರ ಇರುತ್ತೇನೆ. ಹಾಲು ಕುಡಿಸುವ ಮೊದಲು, ಆದಷ್ಟೂ ಎತ್ತಿ ಓಡಾಡಿಸುವ ಮೊದಲು, ತೆಳ್ಳಗಿನ ನಳಿಗೆಯೊಂದನ್ನು ಮೂಗಿನಿಂದ ಹೊಟ್ಟೆಗೆ ಇಳಿಸುತ್ತೇವೆ. ಅಮ್ಮ ತಲೆ ಹಿಡಿದುಕೊಂಡಿರಬೇಕು. ಮಗು ಅಳುತ್ತದೆ, ಓಕರಿಸುತ್ತದೆ. ಸಿರಿಂಜಿನಲ್ಲಿ ಕೆಲವು ಎಂಎಲ್ ಮಸುಕು ನೀರು ಬರುತ್ತದೆ. ನಳಿಗೆ ಹೊರಗೆ ಬಂದ ಎರಡು ನಿಮಿಷಕ್ಕೆ ಮಗು ಅಮ್ಮನ ಎದೆಗೆ ಬಾಯಿ ಹಾಕಿರುತ್ತದೆ. ಅಮ್ಮನ ಅಳು ನಿಲ್ಲುವುದು ಅದಕ್ಕಿಂತ ತಡವಾಗಿ. ನೋಡುವುದಕ್ಕೆ ಸಂಕಟವಾಗುತ್ತದೆ ನಿಜ, ಮಗುವಿಗೆ ಅಪಾಯವಿಲ್ಲ.

ಇದೊಂದೇ ದಾರಿಯಲ್ಲ. ಉಪ್ಪುನೀರಿನ ಆವಿ ಕೊಟ್ಟು ಕಫ ಸಡಿಲ ಮಾಡಿ ತೆಗೆಯಬಹುದು. ನುಂಗಿದ ಕಫ ಕಡೆಗೆ ಮಲದಲ್ಲಿ ಹೊರಬರುತ್ತದೆ ಅಲ್ವಾ, ಹಾಗಾಗಿ ಮಲದಲ್ಲೂ ಟಿಬಿ ಕ್ರಿಮಿ ಹುಡುಕಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 10 ವರ್ಷದೊಳಗಿನ ಮಕ್ಕಳಿಗೆ ಇದನ್ನು ಒಪ್ಪಿತು. ನಿಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಕೇಳಿ ನೋಡಿ. ಮಗುವಿಗೆ ನಳಿಗೆಯ ಕಷ್ಟ ತಪ್ಪುತ್ತದೆ.

ಹೀಗೆ ತೆಗೆದದ್ದು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರಕ್ಕೆ ಹೋಗುತ್ತದೆ. ಸಿಬಿನ್ಯಾಟ್ ಸುಮಾರು ಎರಡು ಗಂಟೆಯಲ್ಲಿ ಎರಡು ವಿಷಯ ಹೇಳುತ್ತದೆ: ಟಿಬಿ ಕ್ರಿಮಿ ಇದೆಯಾ, ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಿ ಅದಕ್ಕೆ ನಾಟುತ್ತದಾ. ಟ್ರೂನ್ಯಾಟ್ ನಮ್ಮ ದೇಶದ್ದೇ, ಗೋವಾದ ಕಂಪನಿಯೊಂದು ತಯಾರಿಸುತ್ತದೆ. ಬ್ಯಾಟರಿಯಲ್ಲೂ ನಡೆಯುವುದರಿಂದ ಕರೆಂಟ್ ಕೈಕೊಡುವ ಊರುಗಳಿಗೆ ಇದು ದೊಡ್ಡ ಉಪಕಾರ.

ವರದಿ ನೆಗೆಟಿವ್ ಬಂದಿದೆ. ಆದರೂ ಡಾಕ್ಟರು ಮಾತ್ರೆ ಶುರು ಮಾಡಿ ಅಂತಾರೆ. ಯಾಕೆ?

ಮಕ್ಕಳ ಟಿಬಿಯಲ್ಲಿ ಕ್ರಿಮಿಗಳ ಸಂಖ್ಯೆಯೇ ಕಡಿಮೆ. ಎಷ್ಟು ಒಳ್ಳೆಯ ಯಂತ್ರವಾದರೂ ಸಿಕ್ಕಿದ ನಾಲ್ಕು ಹನಿಯಲ್ಲಿ ಕ್ರಿಮಿ ಇಲ್ಲದಿದ್ದರೆ ಹೇಗೆ ತೋರಿಸೀತು? ಪಾಸಿಟಿವ್ ಬಂದರೆ ಟಿಬಿ ಇದೆ ಅಂತ ನಂಬಬಹುದು. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಹೇಳಲು ಆಗುವುದಿಲ್ಲ.

ಹಾಗಾಗಿ ಡಾಕ್ಟರು ನಾಲ್ಕಾರು ಎಳೆ ಸೇರಿಸಿ ನೋಡುತ್ತಾರೆ. ಲಕ್ಷಣ, ತೂಕ, ಮನೆಯಲ್ಲಿ ಟಿಬಿ ಇರುವವರು, ಎದೆಯ ಎಕ್ಸ್‌ರೇ, ಚರ್ಮದ ಪರೀಕ್ಷೆ. ಎಕ್ಸ್‌ರೇಯಲ್ಲಿ ಶ್ವಾಸನಾಳದ ಪಕ್ಕದ ಗ್ರಂಥಿಗಳು ಊದಿದ್ದರೆ, ಅಥವಾ ಶ್ವಾಸಕೋಶದ ತುಂಬಾ ನವಣೆ ಕಾಳು ಚೆಲ್ಲಿದ ಹಾಗೆ ಸಣ್ಣ ಚುಕ್ಕೆಗಳಿದ್ದರೆ ಅದು ದೊಡ್ಡ ಸುಳಿವು. ಎಳೆಗಳೆಲ್ಲ ಒಂದೇ ಕಡೆ ಬೆಟ್ಟು ಮಾಡಿದರೆ, ನೆಗೆಟಿವ್ ವರದಿ ಹಿಡಿದುಕೊಂಡು ಕಾಯುವುದು ತಪ್ಪು. ಇದು ಊಹೆಯ ಮೇಲೆ ಕೊಡುವ ಚಿಕಿತ್ಸೆ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಸುಮ್ಮಸುಮ್ಮನೆ ಮಾಡಿದ ಊಹೆ ಅಲ್ಲ ಅದು, ಸರ್ಕಾರದ ಟಿಬಿ ಕಾರ್ಯಕ್ರಮದ ನಿಯಮದಲ್ಲೇ ಇರುವ ದಾರಿ. ಯಾವ ಕಾರಣಕ್ಕೆ ಶುರು ಮಾಡುತ್ತಿದ್ದೀರಿ ಅಂತ ಡಾಕ್ಟರನ್ನು ಕೇಳುವ ಹಕ್ಕು ನಿಮಗೆ ಇದ್ದೇ ಇದೆ, ಕೇಳಿ.

ರಕ್ತ ಪರೀಕ್ಷೆಯಲ್ಲಿ ಗೊತ್ತಾಗಲ್ವಾ? ಕೈಗೆ ಚುಚ್ಚುವ ಪರೀಕ್ಷೆ ಯಾಕೆ?

ರಕ್ತದಲ್ಲಿ ಟಿಬಿಯ ಪ್ರತಿಕಾಯ ಹುಡುಕುವ, 'ಐಜಿಜಿ, ಐಜಿಎಂ' ಅಂತ ವರದಿ ಕೊಡುತ್ತಿದ್ದ ಪರೀಕ್ಷೆಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಈಗಲೂ ಬರೆದುಕೊಟ್ಟರೆ ದುಡ್ಡು ಕೊಡಬೇಡಿ. ಇಗ್ರಾ ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಇದೆ, ಅದು ನಂಬಬಹುದಾದದ್ದು. ಆದರೆ ಮೈಯಲ್ಲಿ ಕ್ರಿಮಿ ಹೊಕ್ಕಿದೆಯಾ ಅನ್ನೋದನ್ನಷ್ಟೇ ಅದು ಹೇಳುತ್ತದೆ. ಕಾಯಿಲೆ ಇದೆಯಾ ಇಲ್ಲವಾ ಅಂತ ಹೇಳುವುದಿಲ್ಲ.

ಕೈಗೆ ಚುಚ್ಚುವ ಮಾಂಟೂ ಪರೀಕ್ಷೆಯದ್ದೂ ಅದೇ ಕೆಲಸ. ಮುಂಗೈಯ ಒಳಭಾಗದಲ್ಲಿ ಚರ್ಮದ ಅಡಿಗೆ ಒಂದು ಹನಿ ಔಷಧಿ ಬಿಡುತ್ತೇವೆ. 48ರಿಂದ 72 ಗಂಟೆಯೊಳಗೆ ಬಂದು ತೋರಿಸಲೇಬೇಕು. ನಾಲ್ಕು ದಿನ ಬಿಟ್ಟು ಬಂದರೆ ಪರೀಕ್ಷೆ ವ್ಯರ್ಥ. ನಾವು ಅಳೆಯುವುದು ಗಟ್ಟಿಯಾದ ಊತವನ್ನು, ಸುತ್ತಲಿನ ಕೆಂಪನ್ನಲ್ಲ. 10 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ಎಚ್‌ಐವಿ ಇರುವ ಮಗುವಿಗೆ 5 ಇದ್ದರೂ ಸಾಕು. ತೀರಾ ಸೊರಗಿದ ಮಗುವಿನಲ್ಲಿ ಟಿಬಿ ಇದ್ದರೂ ಊದದೇ ಇರಬಹುದು.

ಹುಟ್ಟಿದಾಗ ಬಿಸಿಜಿ ಹಾಕಿಸಿದ್ದೇವೆ. ಆದರೂ ಹೇಗೆ ಬಂತು?

ಬಿಸಿಜಿ ಮಿದುಳಿನ ಟಿಬಿಯಿಂದ, ಮೈತುಂಬಾ ಹರಡುವ ಟಿಬಿಯಿಂದ ಚಿಕ್ಕ ಮಕ್ಕಳನ್ನು ಕಾಪಾಡುತ್ತದೆ. ಶ್ವಾಸಕೋಶದ ಟಿಬಿಯನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ತಮಿಳುನಾಡಿನ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ 1968ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ ಜನರನ್ನು 15 ವರ್ಷ ಗಮನಿಸಿ ಕಂಡುಕೊಂಡದ್ದು ಇದು: ದೊಡ್ಡವರ ಶ್ವಾಸಕೋಶದ ಟಿಬಿಗೆ ಬಿಸಿಜಿ ತಡೆಯಾಗುವುದಿಲ್ಲ. ಹಾಗಂತ ಹಾಕಿಸದೆ ಬಿಡಬೇಡಿ. ಮಿದುಳಿನ ಟಿಬಿ ಬಂದ ಮಗುವನ್ನು ಒಮ್ಮೆ ನೋಡಿದವರು ಬಿಸಿಜಿ ಯಾಕೆ ಅಂತ ಕೇಳುವುದಿಲ್ಲ. ತೋಳಿನ ಮೇಲೆ ಗುರುತು ಬೀಳದಿದ್ದರೆ ಮತ್ತೆ ಚುಚ್ಚಿಸುವುದು ಬೇಕಿಲ್ಲ.

ಕುತ್ತಿಗೆಯಲ್ಲಿ ಗಂಟು ಇದೆ, ನೋವಿಲ್ಲ. ಟಿಬಿ ಇರಬಹುದಾ?

ಇರಬಹುದು. ನಮ್ಮ ಹಿರಿಯರು ಗಂಡಮಾಲೆ ಅಂತ ಕರೆಯುತ್ತಿದ್ದದ್ದು ಬಹಳ ಸಲ ಇದನ್ನೇ. ಮಕ್ಕಳ ಕುತ್ತಿಗೆಯಲ್ಲಿ ಸಣ್ಣ ಗಂಟುಗಳು ಸಾಮಾನ್ಯ. ಗಂಟಲು ನೋವು, ಹಲ್ಲಿನ ಹುಳುಕು, ತಲೆಯ ಹೇನಿನ ಹುಣ್ಣು, ಯಾವುದಕ್ಕೂ ಬರುತ್ತವೆ. ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿ, ಎರಡು ವಾರ ದಾಟಿಯೂ ಕರಗದೆ, ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಸೂಜಿಯಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು. ಬಿಸಿ ಸುಣ್ಣ ಹಚ್ಚಬೇಡಿ, ಸುಟ್ಟು ಬರೆ ಹಾಕಿಸಬೇಡಿ.

ಮಾತ್ರೆ ಶುರುವಾದ ಮೇಲೂ ಗಂಟು ದೊಡ್ಡದಾಯಿತು ಅಂತ ಹೆದರಿ ಬರುವವರಿದ್ದಾರೆ. ಕ್ರಿಮಿ ಸಾಯುವಾಗ ಮೈ ಅದರ ಜೊತೆ ಹೋರಾಡುವುದರಿಂದ ಗಂಟು ಸ್ವಲ್ಪ ದಿನ ಊದಿಕೊಳ್ಳಬಹುದು. ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಯಾವಾಗ ರಾತ್ರಿಯಾದರೂ ಸರಿ, ತಕ್ಷಣ ಓಡಬೇಕು?

ವಾರದಿಂದ ಜ್ವರ ಇರುವ ಮಗು ಮಂಕಾಗಿ, ಕರೆದರೂ ಓಗೊಡದೆ ನಿದ್ದೆ ನಿದ್ದೆ ಮಾಡುತ್ತಿದ್ದರೆ. ಕಾರಣವಿಲ್ಲದೆ ವಾಂತಿ, ತಲೆನೋವು, ಫಿಟ್ಸ್, ಮೆಳ್ಳೆಗಣ್ಣು, ಕುತ್ತಿಗೆ ಬಿಗಿತ ಇದ್ದರೆ. ಕೂಸಿನ ನೆತ್ತಿ ಉಬ್ಬಿದ್ದರೆ. ಇವು ಮಿದುಳಿನ ಟಿಬಿಯ ಗುರುತುಗಳಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಬೆನ್ನುಮೂಳೆಯ ಟಿಬಿ ಇಷ್ಟು ಅವಸರದ್ದಲ್ಲ, ಆದರೆ ಕಣ್ತಪ್ಪುತ್ತದೆ. ನೆಲದ ಮೇಲಿನ ಚೆಂಡನ್ನು ಬಗ್ಗಿ ಎತ್ತದೆ, ಬೆನ್ನು ನೆಟ್ಟಗೆ ಇಟ್ಟು ಕುಕ್ಕರುಗಾಲಲ್ಲಿ ಕೂತು ಎತ್ತುವ ಮಗುವನ್ನು ಡಾಕ್ಟರಿಗೆ ತೋರಿಸಿ.

ಚಿಕಿತ್ಸೆ ಎಷ್ಟು ದಿನ? ಯಾವ ಮಾತ್ರೆ?

ಸಾಮಾನ್ಯವಾಗಿ ಆರು ತಿಂಗಳು, ದಿನಾ. ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಮಿದುಳಿನ, ಮೂಳೆಯ ಟಿಬಿಗೆ ಸುಮಾರು ಒಂದು ವರ್ಷ ಬೇಕಾಗುತ್ತದೆ. ಕಾಯಿಲೆ ಹಗುರವಾಗಿರುವ ಮಕ್ಕಳಿಗೆ ನಾಲ್ಕೇ ತಿಂಗಳು ಸಾಕು ಅಂತ ಚೆನ್ನೈ, ಪುಣೆ ಮತ್ತು ಆಫ್ರಿಕಾದ ಮೂರು ದೇಶಗಳ 1,204 ಮಕ್ಕಳ ಮೇಲೆ ನಡೆದ ಅಧ್ಯಯನ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಆದರೆ ಯಾರ ಕಾಯಿಲೆ ಹಗುರ ಅನ್ನೋದನ್ನು ಎಕ್ಸ್‌ರೇ ನೋಡಿ ಡಾಕ್ಟರೇ ಹೇಳಬೇಕು.

ಮೊದಲು ದೊಡ್ಡವರ ಮಾತ್ರೆಯನ್ನೇ ಮುರಿದು, ಅರೆದು ಕೊಡುತ್ತಿದ್ದ ಕಾಲವಿತ್ತು. ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ಕಾಗದದ ಮೇಲೆ ಉಳಿಯಿತು ಅಂತ ಲೆಕ್ಕವೇ ಸಿಗುತ್ತಿರಲಿಲ್ಲ. ಈಗ ಮಕ್ಕಳಿಗೆ ಅಂತಲೇ ನೀರಲ್ಲಿ ಕರಗುವ ಮಾತ್ರೆ ಇದೆ. ಒಂದರಲ್ಲೇ ಮೂರು ಔಷಧಿ ಸೇರಿದೆ, ಎಥಾಂಬುಟಾಲ್ ಬೇರೆ ಮಾತ್ರೆ. ತೂಕ 4ರಿಂದ 7 ಕೆಜಿ ಇದ್ದರೆ ಒಂದೊಂದು, 8ರಿಂದ 11ಕ್ಕೆ ಎರಡೆರಡು, 12ರಿಂದ 15ಕ್ಕೆ ಮೂರು ಮೂರು, 16ರಿಂದ 24ಕ್ಕೆ ನಾಲ್ಕು ನಾಲ್ಕು. ಪ್ರತಿ ತಿಂಗಳು ತೂಕ ಹಾಕಿ ಅಂತ ನಾವು ಕಾಡುವುದು ಇದಕ್ಕೇ. 7 ಕೆಜಿಯ ಮಗು ಚೇತರಿಸಿಕೊಂಡು 8 ದಾಟಿತು ಅಂದರೆ ಮಾತ್ರೆಯೂ ಜಾಸ್ತಿ ಆಗಬೇಕು.

ಮಾತ್ರೆ ಕುಡಿಸೋದೇ ಯುದ್ಧ. ಉಗುಳುತ್ತೆ, ವಾಂತಿ ಮಾಡುತ್ತೆ. ಏನು ಮಾಡಲಿ?

ಸಣ್ಣ ಸ್ಟೀಲ್ ಲೋಟದಲ್ಲಿ ಎರಡು ಚಮಚ ಕುದಿಸಿ ಆರಿಸಿದ ನೀರು ಹಾಕಿ, ಮಾತ್ರೆ ಬಿಡಿ. ಅದು ತಾನಾಗಿ ಬಿರಿದು ಪುಡಿಯಾಗುತ್ತದೆ. ನಿಧಾನವಾಗಿ ತಿರುಗಿಸಿ, ಕರಗಿದ ಕೂಡಲೇ ಕುಡಿಸಿ. ತಳದಲ್ಲಿ ಉಳಿದದ್ದಕ್ಕೆ ಮತ್ತೆ ಸ್ವಲ್ಪ ನೀರು ಹಾಕಿ ತೊಳೆದು ಅದನ್ನೂ ಕುಡಿಸಿ. ಔಷಧಿ ಅಲ್ಲೇ ಕೂತಿರುತ್ತದೆ. ಬಾಟಲಿ ಹಾಲಿಗೆ ಬೆರೆಸಬೇಡಿ, ಅರ್ಧ ಹಾಲು ಬಿಟ್ಟರೆ ಅರ್ಧ ಔಷಧಿಯೂ ಹೋಯಿತು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಳ್ಳೆಯದು. ವಾಂತಿ ಆಗುತ್ತಿದ್ದರೆ ಒಂದು ತುತ್ತು ತಿನ್ನಿಸಿ ಕೊಡಿ. ಕುಡಿಸಿ ಅರ್ಧ ಗಂಟೆಯೊಳಗೆ ವಾಂತಿ ಆದರೆ ಮತ್ತೆ ಕೊಡಬೇಕಾಗುತ್ತದೆ, ನಮಗೆ ಫೋನ್ ಮಾಡಿ ಕೇಳಿ. ಒಂದು ದಿನ ಮರೆತರೆ ಮರುದಿನ ಎರಡು ಪಟ್ಟು ಕೊಡಬೇಡಿ. ಎಂದಿನಷ್ಟೇ ಕೊಟ್ಟು ಆಶಾ ಕಾರ್ಯಕರ್ತೆಗೆ ತಿಳಿಸಿ, ಯಾರೂ ಬೈಯುವುದಿಲ್ಲ.

ಮೂತ್ರ ಕೆಂಪಾಗಿದೆ! ರಕ್ತ ಹೋಗ್ತಿದೆಯಾ?

ಇಲ್ಲ. ರಿಫಾಂಪಿಸಿನ್ನಿನ ಬಣ್ಣ ಅದು. ಕಣ್ಣೀರೂ ಬಟ್ಟೆಯೂ ಕಿತ್ತಳೆ ಬಣ್ಣವಾಗಬಹುದು. ಮಾತ್ರೆ ಹೊಟ್ಟೆಗೆ ಹೋಗುತ್ತಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಹೆದರಬೇಕಾದದ್ದು ಬೇರೆ ಇದೆ. ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಹೊಟ್ಟೆನೋವು, ಊಟ ಪೂರ್ತಿ ಬಿಡುವುದು. ಇವು ಪಿತ್ತಜನಕಾಂಗಕ್ಕೆ ತೊಂದರೆ ಆಗಿದೆ ಅನ್ನುವ ಸೂಚನೆ. ಆಗ ಮಾತ್ರೆ ನಿಲ್ಲಿಸಿ ಅವತ್ತೇ ಬನ್ನಿ. ಕಣ್ಣು ಮಂಜಾದರೆ, ಕೆಂಪು ಹಸಿರು ಬಣ್ಣ ಗೊತ್ತಾಗದಿದ್ದರೆ, ಮೈಮೇಲೆ ದದ್ದು ಎದ್ದರೆ ಕೂಡ. ಕೈಕಾಲು ಜೋಮು ಹಿಡಿಯದಿರಲಿ ಅಂತ ವಿಟಮಿನ್ ಬಿ6 ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ಮಕ್ಕಳಿಗೆ ಈ ಔಷಧಿಗಳು ದೊಡ್ಡವರಿಗಿಂತ ಚೆನ್ನಾಗಿ ಒಗ್ಗುತ್ತವೆ, ತೊಂದರೆ ಆಗುವುದು ಕಡಿಮೆ.

ಒಂದು ತಿಂಗಳಿಗೇ ಆಟ ಆಡ್ತಿದೆ. ಇನ್ನು ಮಾತ್ರೆ ಯಾಕೆ?

ಮೊದಲ ವಾರಗಳಲ್ಲಿ ಸಾಯುವುದು ಚುರುಕಾಗಿ ಬೆಳೆಯುವ ಕ್ರಿಮಿಗಳು. ಮಗು ಹಗುರಾಗುವುದು ಅದರಿಂದಲೇ. ನಿಧಾನವಾಗಿ ಬೆಳೆಯುವ, ಅಡಗಿ ಕೂರುವ ಕ್ರಿಮಿಗಳನ್ನು ಕೊಲ್ಲುವುದಕ್ಕೆ ಉಳಿದ ತಿಂಗಳುಗಳು ಬೇಕು. ಮಧ್ಯದಲ್ಲಿ ಬಿಟ್ಟರೆ ಕಾಯಿಲೆ ಮತ್ತೆ ಬರುತ್ತದೆ, ಔಷಧಿಗೆ ಬಗ್ಗದ ಟಿಬಿಯೂ ಆಗಬಹುದು. ಹಾಗಾದರೂ ಚಿಕಿತ್ಸೆ ಇದೆ. ಬೆಡಾಕ್ವಿಲಿನ್ ಥರದ ಹೊಸ ಮಾತ್ರೆಗಳು ಬಂದ ಮೇಲೆ ಮಕ್ಕಳಿಗೆ ದಿನಾ ಚುಚ್ಚುಮದ್ದಿನ ಹಿಂಸೆಯೂ ತಪ್ಪಿದೆ. ಆದರೆ ಅದು ಇನ್ನೂ ಕಷ್ಟದ ದಾರಿ.

ಮಗುವಿಗೆ ತಟ್ಟೆ, ಹಾಸಿಗೆ ಬೇರೆ ಮಾಡಬೇಕಾ? ಶಾಲೆಗೆ ಕಳಿಸಬಹುದಾ?

ತಟ್ಟೆ ಬೇರೆ ಬೇಡ. ಟಿಬಿ ತಟ್ಟೆ ಲೋಟದಿಂದ ಬರುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಕ್ರಿಮಿ ಕಡಿಮೆ, ಜೋರಾಗಿ ಕೆಮ್ಮುವ ಶಕ್ತಿಯೂ ಕಡಿಮೆ, ಹಾಗಾಗಿ ಅವರಿಂದ ಬೇರೆಯವರಿಗೆ ಹರಡುವುದು ತುಂಬಾ ಅಪರೂಪ. ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ದೊಡ್ಡವರ ಥರದ ಟಿಬಿ ಬರಬಹುದು. ಅವರು ಮೊದಲ ಎರಡು ವಾರವಾದರೂ ಮನೆಯಲ್ಲಿರಲಿ, ಮಾಸ್ಕ್ ಹಾಕಲಿ, ಕಿಟಕಿ ತೆರೆದಿರಲಿ. ಆಮೇಲೆ ಡಾಕ್ಟರು ಹೇಳಿದಾಗ ಶಾಲೆಗೆ ಹೋಗಬಹುದು.

1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ಒಂದು ಅಧ್ಯಯನ ನಡೆಯಿತು. ಮನೆಯಲ್ಲೇ ಇದ್ದು ಮಾತ್ರೆ ತಿಂದವರು ಸ್ಯಾನಟೋರಿಯಂನಲ್ಲಿ, ಅಂದರೆ ಟಿಬಿಯವರನ್ನು ಇಟ್ಟುಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೂ ಅದರಿಂದ ಅಪಾಯ ಹೆಚ್ಚಲಿಲ್ಲ. ಅದಾಗಿ ಅರವತ್ತು ವರ್ಷ ದಾಟಿದೆ. ಇನ್ನೂ ಮಕ್ಕಳನ್ನು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನನಗೇ ಟಿಬಿ ಇದೆ. ಎದೆಹಾಲು ಕುಡಿಸಬಹುದಾ?

ಕುಡಿಸಿ. ಹಾಲಿನಿಂದ ಟಿಬಿ ಬರುವುದಿಲ್ಲ. ನಿಮ್ಮ ಮಾತ್ರೆ ಹಾಲಿಗೆ ಇಳಿಯುವುದು ತೀರಾ ಸ್ವಲ್ಪ, ಮಗುವಿಗೆ ಕೆಡುಕಲ್ಲ. ಕುಡಿಸುವಾಗ ಬಾಯಿ ಮೂಗಿಗೆ ಮಾಸ್ಕ್ ಅಥವಾ ಸೆರಗು ಕಟ್ಟಿಕೊಳ್ಳಿ. ಮಗುವನ್ನು ಪರೀಕ್ಷಿಸಿ, ಕಾಯಿಲೆ ಇಲ್ಲದಿದ್ದರೆ ತಡೆಯುವ ಮಾತ್ರೆ ಶುರು ಮಾಡುತ್ತಾರೆ. ಹಸುವಿನ ಹಾಲನ್ನು ಮಾತ್ರ ಕಾಯಿಸದೆ ಯಾರಿಗೂ ಕೊಡಬೇಡಿ. ದನಗಳಿಗೂ ಒಂದು ಬಗೆಯ ಟಿಬಿ ಇದೆ, ಅದು ಹಸಿ ಹಾಲಿನಲ್ಲಿ ಬರಬಹುದು.

ಅತ್ತೆಗೆ ಟಿಬಿ. ಮಗು ಚೆನ್ನಾಗೇ ಇದೆ. ಅದಕ್ಕೂ ಮಾತ್ರೆ ಕೊಡಿ ಅಂತಾರಲ್ಲ?

ಕೊಡಿಸಿ, ದಯವಿಟ್ಟು. ಚೆನ್ನಾಗಿರುವಾಗಲೇ ಕೊಡಬೇಕಾದ ಮಾತ್ರೆ ಇದು. ಮನೆಯಲ್ಲಿ ಶ್ವಾಸಕೋಶದ ಟಿಬಿ ಇರುವವರ ಜೊತೆ ಇರುವ ಮಕ್ಕಳನ್ನು, ಅದರಲ್ಲೂ ಐದು ವರ್ಷದೊಳಗಿನವರನ್ನು ಮೊದಲು ಪರೀಕ್ಷಿಸುತ್ತೇವೆ. ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ ಐಸೋನಿಯಾಜಿಡ್ ಒಂದನ್ನೇ ದಿನಾ ಆರು ತಿಂಗಳು ಕೊಡುತ್ತೇವೆ. ಎರಡು ವರ್ಷ ದಾಟಿದ ಮಕ್ಕಳಿಗೆ ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಎರಡು ಔಷಧಿಯ ಕ್ರಮವೂ ಇದೆ. ಓಡಾಡಿಕೊಂಡಿರುವ ಮಗುವಿಗೆ ಯಾಕೆ ಔಷಧಿ ಅಂತ ಅಪ್ಪಂದಿರು ಕೇಳುತ್ತಾರೆ. ಪೋಲಿಯೋ ಹನಿ ಹಾಕಿಸುವಾಗಲೂ ಮಗು ಓಡಾಡಿಕೊಂಡೇ ಇತ್ತಲ್ವಾ ಅಂತ ನಾನು ಕೇಳುತ್ತೇನೆ.

ಏನು ತಿನ್ನಿಸಬೇಕು? ಪಥ್ಯ ಇದೆಯಾ?

ಪಥ್ಯ ಇಲ್ಲ. ಬಾಳೆಹಣ್ಣು ಶೀತ, ಮೊಸರು ಶೀತ, ಮೊಟ್ಟೆ ಉಷ್ಣ ಅಂತ ಒಂದೊಂದೇ ಬಿಡಿಸುತ್ತಾ ಹೋದರೆ ಮಗುವಿಗೆ ಉಳಿಯುವುದು ತಿಳಿಗಂಜಿ ಮಾತ್ರ. ರಾಗಿ, ಬೇಳೆ, ಕಡಲೆಕಾಯಿ, ಹಾಲು, ಮೊಟ್ಟೆ, ನೀವು ತಿನ್ನುವವರಾದರೆ ಮೀನು, ಮಾಂಸ, ಎಲ್ಲವನ್ನೂ ಕೊಡಿ. ಗಂಜಿಗೆ ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ.

ಊಟ ಕೂಡ ಟಿಬಿಗೆ ಮದ್ದು ಅನ್ನೋದಕ್ಕೆ ಒಳ್ಳೆಯ ಪುರಾವೆ ಇದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನಲ್ಲಿ ಟಿಬಿ ರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಲಸಿಕೆಯಿಂದ ಆಗದ್ದು ಅಕ್ಕಿಬೇಳೆಯಿಂದ ಆಯಿತು ಅಂತ ಓದಿದಾಗ ನನಗೆ ಕಣ್ಣು ತುಂಬಿತ್ತು.

ಖರ್ಚು ಎಷ್ಟಾಗುತ್ತೆ? ಕೆಲಸಕ್ಕೆ ಬೇರೆ ಊರಿಗೆ ಹೋಗಬೇಕು, ಏನು ಮಾಡೋದು?

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಖಾಸಗಿ ಡಾಕ್ಟರ ಹತ್ತಿರ ತೋರಿಸುತ್ತಿದ್ದರೂ ಸರ್ಕಾರದ ಮಾತ್ರೆ ಪಡೆಯಬಹುದು. ಅವರೂ ಮಗುವಿನ ಹೆಸರನ್ನು ನಿಕ್ಷಯ್ ಅನ್ನುವ ಸರ್ಕಾರದ ಟಿಬಿ ದಾಖಲೆಗೆ ಸೇರಿಸಲೇಬೇಕು, ಇದು 2012ರಿಂದ ಕಡ್ಡಾಯ. ಹೆಸರು ಸೇರಿದರೆ ಊಟಕ್ಕೆ ಅಂತ ಸರ್ಕಾರ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ರೂಪಾಯಿ. ಹೆಸರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಹಿಂಜರಿಯಬೇಡಿ. ಆ ದಾಖಲೆಯನ್ನು ಯಾರೂ ಬೋರ್ಡಿನ ಮೇಲೆ ಹಚ್ಚುವುದಿಲ್ಲ.

ಕೊಡಗಿನ ತೋಟಕ್ಕೋ, ಕಬ್ಬು ಕಡಿಯುವುದಕ್ಕೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಟಿದ್ದರೆ ಹೋಗುವ ಮೊದಲು ಒಂದು ಮಾತು ಹೇಳಿ. ನಿಮ್ಮ ನಿಕ್ಷಯ್ ಸಂಖ್ಯೆ ಇದ್ದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಮುಂದುವರಿಯುತ್ತದೆ. ಏನೇ ಅನುಮಾನ ಇದ್ದರೂ 1800-11-6666ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಹೆಣ್ಣು ಮಗು. ಮುಂದೆ ಮದುವೆಗೆ, ಮಕ್ಕಳಾಗೋದಕ್ಕೆ ತೊಂದರೆ ಆಗುತ್ತಾ?

ಈ ಪ್ರಶ್ನೆ ಕೇಳುವಾಗ ಅಮ್ಮಂದಿರು ನನ್ನ ಮುಖ ನೋಡುವುದಿಲ್ಲ. ಟಿಬಿ ವಂಶಪಾರಂಪರ್ಯ ಅಲ್ಲ. ಮಾತ್ರೆ ಪೂರ್ತಿ ಮಾಡಿದ ಮಗು ಎಲ್ಲರ ಹಾಗೆ ಬೆಳೆಯುತ್ತದೆ, ಓದುತ್ತದೆ, ಮದುವೆಯಾಗುತ್ತದೆ. ಅಪರೂಪಕ್ಕೆ ಹೊಟ್ಟೆಯ ಕೆಳಭಾಗದ ಟಿಬಿಯನ್ನು ಹಾಗೇ ಬಿಟ್ಟರೆ ಮುಂದೆ ಗರ್ಭ ನಿಲ್ಲುವುದು ಕಷ್ಟವಾಗಬಹುದು. ತೊಂದರೆ ಚಿಕಿತ್ಸೆಯಿಂದಲ್ಲ, ಚಿಕಿತ್ಸೆ ಕೊಡಿಸದೆ ಬಿಡುವುದರಿಂದ.

ಮಾತ್ರೆ ಮುಗಿದ ಮೇಲೆ ಮತ್ತೆ ಬರಬೇಕಾ?

ಬರಬೇಕು. ಆರು ತಿಂಗಳಿಗೊಮ್ಮೆ, ಎರಡು ವರ್ಷದವರೆಗೆ. ಕೆಮ್ಮು ಮರುಕಳಿಸಿದೆಯಾ, ತೂಕ ಏರುತ್ತಿದೆಯಾ ನೋಡುತ್ತೇವೆ. ಮೇಲೆ ಹೇಳಿದ ಹುಡುಗಿ ಮಾತ್ರೆ ಮುಗಿಸಿದ ದಿನ 10.6 ಕೆಜಿ ಇದ್ದಳು. ಕರೆದುಕೊಂಡು ಬಂದದ್ದು ತಾತ. ಅವರದ್ದೂ ಚಿಕಿತ್ಸೆ ಮುಗಿದಿತ್ತು, ಕೆಮ್ಮು ನಿಂತಿತ್ತು. ಬರುವಾಗ ತಾಯಿ ಕಾರ್ಡ್ ಮರೆಯಬೇಡಿ, ಹೊಸ ತೂಕ ಅದರಲ್ಲೇ ಬರೆದುಕೊಡುತ್ತೇವೆ.